ಟೋಪಿ ಮುಟ್ಟಿದ ಕೈ

ಜೂನ್ ೩

ಅಪ್ಪಾ,

ಫೋನಿನಲ್ಲಿ ಒಂದು ಸಲ ಮೇಜು ಕುಟ್ಟಿದರೆ ಹೌದು, ಎರಡು ಸಲ ಕುಟ್ಟಿದರೆ ಇಲ್ಲ ಎಂಬ ಅತ್ತೆಯ ಏರ್ಪಾಡು ನನಗೆ ಹಿಡಿಸಲಿಲ್ಲ. ನಿನ್ನೆ ನಾನು ಊಟ ಆಯಿತಾ ಎಂದು ಕೇಳಿದ್ದಕ್ಕೆ ನೀವು ಡಬಡಬ ಎಂದು ಕುಟ್ಟಿದಿರಿ. ಅದು ಬೈಗುಳ ಎಂದು ಅತ್ತೆ ಅರ್ಥ ಹೇಳಿದಳು. ಗಂಟಲಿನ ಆಪರೇಷನ್ನಿನಲ್ಲಿ ನಿಮ್ಮ ದನಿ ಹೋಯಿತೇ ಹೊರತು ಕೈ ಹೋಗಿಲ್ಲವಲ್ಲ. ದೊಡ್ಡ ಆಸ್ಪತ್ರೆಗೆ ಹತ್ತಿರವಾಗುತ್ತದೆಂದು ಅಷ್ಟು ದೂರದ ಊರಿನಲ್ಲಿ, ತಂಗಿಯ ಮನೆಯಲ್ಲಿ ಸುಮ್ಮನೆ ಕೂತಿರುವವರು ಕಾಗದ ಬರೆಯಬಹುದು. ನಾನೂ ಬರೆಯುತ್ತೇನೆ.

ಸುದ್ದಿ ಏನೆಂದರೆ, ನನ್ನನ್ನು ಸೇತುವೆ ಬುಡದ ಸರ್ಕಲ್ಲಿನಲ್ಲಿ ಟ್ರಾಫಿಕ್ ಡ್ಯೂಟಿಗೆ ಹಾಕಿದ್ದಾರೆ. ಹೌದು, ನಿಮ್ಮದೇ ಸರ್ಕಲ್ಲು. ನಾನು ಕೇಳಿದ್ದಲ್ಲ, ಯಾರ ಕೈಕಾಲೂ ಹಿಡಿದದ್ದಲ್ಲ. ಚಿಕ್ಕಂದಿನಲ್ಲಿ ನಿಮ್ಮ ಸೀಟಿ ಕದ್ದು ಊದಿ ಊದಿ ಪೀಪಿ ಎಂದು ಹೆಸರು ಪಡೆದವಳು ಈಗ ಸಂಬಳಕ್ಕೆ ಊದಬೇಕು.

ನನ್ನ ಅಳತೆಯ ಟೋಪಿ ಉಗ್ರಾಣದಲ್ಲಿ ಇಲ್ಲವಂತೆ. ಬರುವವರೆಗೆ ನಿಮ್ಮ ಹಳೆಯದನ್ನೇ ಹಾಕಿಕೊಂಡಿದ್ದೇನೆ. ನಿಮ್ಮ ತಲೆ ಇಷ್ಟು ದೊಡ್ಡದೆಂದು ಇಷ್ಟು ವರ್ಷ ಗೊತ್ತಿರಲಿಲ್ಲ. ಘಳಿಗೆಗೊಮ್ಮೆ ಕಣ್ಣಿನ ಮೇಲೆ ಇಳಿಯುತ್ತದೆ.

ಮೊದಲ ದಿನವೇ ಒಬ್ಬರು ಮಾತಾಡಿಸಿದರು. ಸೈಕಲ್ಲಿನ ಹಿಂದೆ ಸಾಣೆಕಲ್ಲು ಕಟ್ಟಿಕೊಂಡು, ಚಾಕು ಕತ್ತರಿ ಹರಿತ ಮಾಡಿಕೊಡುತ್ತಾ ಪೇಟೆ ಸುತ್ತುವ ಅಜ್ಜ. ಬೆನ್ನಿಗೇ ಅವರ ಹೆಂಡತಿ, ಇನ್ನೊಂದು ಸೈಕಲ್ಲಿನಲ್ಲಿ, ದರ್ಜಿಗಳ ಕತ್ತರಿ ತುಂಬಿದ ಚೀಲ ಗಲಗಲ ಅನ್ನಿಸುತ್ತಾ. ಕೆಂಪು ದೀಪಕ್ಕೆ ನಿಂತ ಅಜ್ಜ ಮೊದಲು ನನ್ನ ಟೋಪಿ ನೋಡಿದರು, ಆಮೇಲೆ ಮುಖ. "ನಮ್ಮ ಸೀಟಿ ಸಾಹೇಬ್ರ ಮಗಳಲ್ವೇನಮ್ಮ ನೀನು?" ಅಂದರು. ಹೌದು ಅಂದೆ. "ಮೂಗು ಹಂಗೇ ಇದೆ." ಅಜ್ಜಿ ಹಿಂದಿನಿಂದ, "ಪಾಪ, ಅದಕ್ಕೆ ಅವಳೇನು ಮಾಡ್ತಾಳೆ ಬಿಡಿ," ಅಂದರು.

ಆರೋಗ್ಯ ನೋಡಿಕೊಳ್ಳಿ. ಅತ್ತೆ ಕೊಟ್ಟದ್ದನ್ನು ಮುಖ ಸಿಂಡರಿಸದೆ ಕುಡಿಯಿರಿ.

ನಿಮ್ಮ ಪೀಪಿ


ಜೂನ್ ೧೨

ಪೀಪಿ,

ನನ್ನ ತಲೆ ದೊಡ್ಡದಲ್ಲ, ನಿನ್ನದು ಚಿಕ್ಕದು. ಟೋಪಿಯ ಒಳಪಟ್ಟಿಗೆ ಪೇಪರ್ ಮಡಚಿ ಇಡು. ಡ್ಯೂಟಿಯಲ್ಲಿದ್ದಾಗ ಟೋಪಿಗೆ ಕೈ ಹಾಕುತ್ತಾ ಇರಬೇಡ. ಅದು ಒಳ್ಳೆಯ ಅಭ್ಯಾಸವಲ್ಲ.

ಕಾಗದ ಓದಿ ಸರ್ಕಲ್ಲು ಕಣ್ಣಿಗೆ ಬಂತು. ಸಾಣೆಯವನನ್ನು ಅಜ್ಜ ಅಂದಿದ್ದೀಯ. ಅವನು ನನಗಿಂತ ಚಿಕ್ಕವನು, ಗಡ್ಡ ಬೇಗ ನರೆಯಿತು ಅಷ್ಟೆ. ಮಳೆಯಿರಲಿ ಬಿಸಿಲಿರಲಿ, ನಾನು ಸರ್ಕಲ್ಲಿಗೆ ಬಂದು ನಿಂತ ಸ್ವಲ್ಪ ಹೊತ್ತಿಗೆ ಅವನು ಬರುತ್ತಿದ್ದ. ಸ್ನೇಹ ಎನ್ನುವ ಹಾಗಿಲ್ಲ, ನಿಂತು ಹರಟಿದವರಲ್ಲ. ಆದರೂ ಅವನು ಬಾರದ ದಿನ ಏನೋ ಕಳೆದುಕೊಂಡಂತೆ ಇರುತ್ತಿತ್ತು.

ಒಂದು ಮಾತು ಹೇಳುತ್ತೇನೆ, ಸಿಟ್ಟಾಗಬೇಡ. ಪೇಟೆ ರಸ್ತೆಯಿಂದ ಬರುವವರಿಗೆ ಸಿಗ್ನಲ್ ದಾಟಿದ ಕೂಡಲೇ ಸೇತುವೆಯ ಏರು. ಸೈಕಲ್ಲಿನವರು ನಿಂತಲ್ಲಿಂದ ತುಳಿದು ಹತ್ತಬೇಕು. ಹಸಿರು ಬಂದಾಗ ಸ್ಕೂಟರು, ಕಾರು ಎಲ್ಲ ಒಟ್ಟಿಗೆ ನುಗ್ಗಿದರೆ ಅವರು ಬದಿಯ ಕಟ್ಟೆಗೆ ಒತ್ತಿಕೊಂಡು ಸಾಯಬೇಕು. ನಾನು ಏನು ಮಾಡುತ್ತಿದ್ದೆ ಅಂದರೆ, ಅಡ್ಡದ ಆಸ್ಪತ್ರೆ ರಸ್ತೆಯವರನ್ನು ಬಲಗೈ ಚಾಚಿ ಸ್ವಲ್ಪ ಮೊದಲೇ ತಡೆಯುತ್ತಿದ್ದೆ. ಆ ಸಂದಿನಲ್ಲಿ, ಪೇಟೆ ರಸ್ತೆಗೆ ಇನ್ನೂ ಕೆಂಪು ಇರುವಾಗಲೇ, ಸೈಕಲ್ಲುಗಳನ್ನು ಮಾತ್ರ ಮುಂದೆ ಬಿಡುತ್ತಿದ್ದೆ. ಅವರು ಅರ್ಧ ಏರು ಹತ್ತುವಷ್ಟರಲ್ಲಿ ಉಳಿದವರಿಗೆ ಹಸಿರು. ಇದು ಯಾವ ಪುಸ್ತಕದಲ್ಲೂ ಇಲ್ಲ. ಆದರೆ ನನ್ನ ಕಾಲದಲ್ಲಿ ಆ ಏರಿನಲ್ಲಿ ಒಬ್ಬ ಸೈಕಲ್ಲಿನವನೂ ಬೀಳಲಿಲ್ಲ.

ನೀನೂ ಹಾಗೆ ಮಾಡಿದರೆ ಒಳ್ಳೆಯದು. ಹೇಗೆ ಎಂದು ಕೇಳಿದರೆ ಹೇಳಿಕೊಡುತ್ತೇನೆ.

ಇಲ್ಲಿ ನಿನ್ನ ಅತ್ತೆ ಮಾತಿಗೆ ಮಾತು ಬಾರದ ಅಣ್ಣ ಸಿಕ್ಕಿದನೆಂದು ಹಬ್ಬ ಮಾಡುತ್ತಿದ್ದಾಳೆ.

ನಿನ್ನಪ್ಪ


ಜೂನ್ ೨೮

ಅಪ್ಪಾ,

ಸಿಟ್ಟಾಗಬೇಡ ಅಂದಿರಿ. ಆಗಿದ್ದೇನೆ.

ಸ್ಕೂಟರಿನವರು ನನಗೆ ದಿನಾ ಏನು ಹೇಳುತ್ತಾರೆ ಗೊತ್ತಾ? ಮೊನ್ನೆ ಒಬ್ಬನನ್ನು ಗೆರೆ ದಾಟಿದ್ದಕ್ಕೆ ಹಿಡಿದು ದಂಡದ ರಸೀದಿ ಹರಿದೆ. ಅವನು ಜಗಳವಾಡಲಿಲ್ಲ. ಪಕ್ಕದಲ್ಲೇ ಕೆಂಪು ದೀಪದಲ್ಲಿ ಹಾಯಾಗಿ ಹೋಗುತ್ತಿದ್ದ ಸೈಕಲ್ಲನ್ನು ತೋರಿಸಿ, "ನಂಬರ್ ಪ್ಲೇಟ್ ಇರೋದೇ ನಮ್ಮ ತಪ್ಪಾ ಮೇಡಂ? ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ," ಅಂದ. ಅವನು ಹೇಳಿದ್ದು ನಿಜ. ಕಂಬದ ಮೇಲಿನ ಕ್ಯಾಮೆರಾ ಕೂಡ ಹಿಂದಿನಿಂದ ನಂಬರನ್ನೇ ಹಿಡಿಯುತ್ತದೆ. ಹೆಲ್ಮೆಟ್ಟು, ಲೈಸೆನ್ಸು, ಕನ್ನಡಿ ಎಲ್ಲ ಅವರಿಗೇ. ಸೈಕಲ್ಲಿನವನು ಎದುರು ದಿಕ್ಕಿನಲ್ಲಿ ಬಂದರೂ ನಾವು ಅಯ್ಯೋ ಪಾಪ ಅನ್ನುತ್ತೇವೆ.

ಠಾಣೆಯಲ್ಲಿ ಕೇಳಿದೆ. ಸೈಕಲ್ಲಿಗೆ ರಸೀದಿ ಪುಸ್ತಕವೇ ಇಲ್ಲವಂತೆ. "ಚಕ್ರದ ಗಾಳಿ ಬಿಡು, ಬುದ್ಧಿ ಬರತ್ತೆ," ಅಂದರು. ಮಾರನೆಯ ದಿನ ನಿಮ್ಮ ಸಾಣೆಯವರು ಕೆಂಪು ಇರುವಾಗಲೇ ಗೆರೆ ದಾಟಿ ಬಂದು, ಬರಬೇಕಾದ್ದೇನೋ ಬರಲಿಲ್ಲ ಎನ್ನುವ ಹಾಗೆ ನನ್ನ ಮುಖ ನೋಡುತ್ತಾ ನಿಂತರು. ಹತ್ತಿರ ಹೋಗಿ ಎರಡು ಚಕ್ರದ ಗಾಳಿಯನ್ನೂ ಬಿಟ್ಟೆ. ಅಜ್ಜಿಯೂ ತಮ್ಮ ಸೈಕಲ್ಲಿನಿಂದ ಇಳಿದರು, ಇಬ್ಬರೂ ತಳ್ಳಿಕೊಂಡು ಏರು ಹತ್ತಿದರು. ಸ್ಕೂಟರಿನವರಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಚಪ್ಪಾಳೆ ನನಗೆ ಬೇಕಾಗಿರಲಿಲ್ಲ.

ಆದರೂ ಮಾಡಿದ್ದು ತಪ್ಪೆಂದು ಅನ್ನಿಸುವುದಿಲ್ಲ. ಕೆಂಪು ಎಂದರೆ ಎಲ್ಲರಿಗೂ ಕೆಂಪು. ಹೇಗೆ ಎಂದು ನಾನು ಕೇಳುವುದಿಲ್ಲ ಅಪ್ಪಾ.

ನಿಮ್ಮ ಪೀಪಿ


ಜುಲೈ ೬

ಮಗಳೇ,

ಗಾಳಿ ಬಿಡುವುದು ಯಾವ ಕಾನೂನಿನಲ್ಲಿದೆ, ನನಗೂ ತೋರಿಸು. ಸ್ಕೂಟರಿನವನಿಗೆ ರಸೀದಿ ಕೊಟ್ಟೆ, ಅವನು ಬೇಕಾದರೆ ಕೋರ್ಟಿಗೆ ಹೋಗಬಹುದು. ಸಾಣೆಯವನು ಎಲ್ಲಿಗೆ ಹೋಗಬೇಕು, ಪಂಪಿನ ಅಂಗಡಿಗೋ? ಅವನ ಆ ದಿನದ ಕೆಲಸ ಹೋಯಿತು. ಆ ಕಲ್ಲಿನ ಭಾರ ನಿನಗೆ ಗೊತ್ತಿಲ್ಲ. ಅದನ್ನು ತಳ್ಳಿಕೊಂಡು ಏರು ಹತ್ತುವುದು ಹೇಗಿರುತ್ತದೆಂದೂ ಗೊತ್ತಿಲ್ಲ.

ಎಲ್ಲರಿಗೂ ಒಂದೇ ಎನ್ನುವುದು ಬಾಯಿಗೆ ರುಚಿ. ಏರು ಎಲ್ಲರಿಗೂ ಒಂದೇ ಅಲ್ಲ.

ಇನ್ನು ನಾನು ಏನೂ ಹೇಳುವುದಿಲ್ಲ. ನಿನ್ನ ಸರ್ಕಲ್ಲು, ನಿನ್ನ ಇಷ್ಟ.

ಅಪ್ಪ


ಆಗಸ್ಟ್ ೧೯

ಅಪ್ಪಾ,

ಇಷ್ಟು ದಿನ ನೀವೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಅತ್ತೆಗೆ ಫೋನಿನಲ್ಲಿ ಹೇಳಿದ್ದೇನೆ, ಆದರೂ ನಿಮಗೆ ನಾನೇ ಬರೆಯಬೇಕು. ಸಾಣೆಯ ಅಜ್ಜ ತೀರಿಕೊಂಡರು. ನನ್ನ ಸರ್ಕಲ್ಲಿನಲ್ಲಿ, ನನ್ನ ಕಣ್ಣೆದುರಿಗೆ.

ಬೆಳಗಿನ ಹೊತ್ತು. ಅಜ್ಜಿ ಜೊತೆಗಿರಲಿಲ್ಲ, ಜ್ವರವೆಂದು ಮನೆಯಲ್ಲಿದ್ದರಂತೆ. ಅಜ್ಜ ಪೇಟೆ ರಸ್ತೆಯಲ್ಲಿ ಗೆರೆಯ ಹಿಂದೆಯೇ ನಿಂತಿದ್ದರು. ಗಾಳಿ ಬಿಟ್ಟ ದಿನದಿಂದ ಅವರು ಗೆರೆ ದಾಟಿದವರೇ ಅಲ್ಲ. ನನ್ನ ಮುಖ ನೋಡುತ್ತಾ ನಿಲ್ಲುವರು, ಹಸಿರು ಬಂದ ಮೇಲೂ ಉಳಿದ ಗಾಡಿಗಳೆಲ್ಲ ಹೋಗಲಿ ಎಂದು ಕಾಯುವರು. ಅವತ್ತು ಆಸ್ಪತ್ರೆ ರಸ್ತೆಗೆ ಹಸಿರಿತ್ತು. ಅಲ್ಲಿಂದ ಒಬ್ಬ ಹೆಂಗಸು ಸ್ಕೂಟರಿನಲ್ಲಿ ಬರುತ್ತಿದ್ದಳು. ಜೋರೇನಲ್ಲ. ಆಗ ಅಜ್ಜ ನನ್ನ ಕಡೆ ನೋಡಿ ನಕ್ಕರು. ತಲೆಯಾಡಿಸಿದರು. ಪೆಡಲ್ ತುಳಿದೇಬಿಟ್ಟರು. ಅತ್ತ ಇತ್ತ ನೋಡಲಿಲ್ಲ, ನನ್ನನ್ನೇ ನೋಡಿಕೊಂಡು ಬಂದರು. ನಾನು ಸೀಟಿ ಬಾಯಿಗಿಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸಾಣೆಕಲ್ಲು ಕಳಚಿಕೊಂಡು ಒಂದಷ್ಟು ದೂರ ಉರುಳಿ, ಕಟ್ಟೆಗೆ ತಾಗಿ ನಿಂತಿತು.

ಸ್ಕೂಟರಿನ ಹೆಂಗಸು ನರ್ಸು. ಹಾಸಿಗೆ ಹಿಡಿದವರ ಮನೆ ಮನೆಗೆ ಹೋಗಿ ಆರೈಕೆ ಮಾಡುವವಳು. ಅವಳ ಮೊಣಕೈ ತರಚಿಹೋಗಿತ್ತು, ಆದರೂ ಅಜ್ಜನ ತಲೆ ಹಿಡಿದುಕೊಂಡು ಕೂತಿದ್ದಳು. ಸಂಜೆ ಠಾಣೆಯಲ್ಲಿ ಕೇಸು ಬರೆಯುವ ರೈಟರ್ ಯಾರನ್ನೂ ಕೇಳದೆ ಅವಳ ತಪ್ಪು ಎಂದು ಬರೆದರು. ಅವಳಿಗೆ ಹಸಿರಿತ್ತು ಅಂದೆ. "ನೋಡಮ್ಮ, ಸೈಕಲ್ ಸತ್ರೆ ಸ್ಕೂಟರ್ ತಪ್ಪು, ಸ್ಕೂಟರ್ ಸತ್ರೆ ಕಾರ್ ತಪ್ಪು, ಕಾರ್ ಸತ್ರೆ ಲಾರಿ ತಪ್ಪು. ಮೊದಲಿಂದ ನಡ್ಕೊಂಡು ಬಂದಿದೆ," ಅಂದರು. ಅವಳ ಲೈಸೆನ್ಸು, ಸ್ಕೂಟರು ಎರಡೂ ಈಗ ಠಾಣೆಯಲ್ಲಿವೆ.

ಅಜ್ಜ ಯಾಕೆ ನಕ್ಕರು ಅಪ್ಪಾ? ನಿದ್ದೆಯಲ್ಲೂ ಅದೇ ಕಾಣುತ್ತದೆ. ನಾನು ಏನೂ ಮಾಡಲಿಲ್ಲ. ನನ್ನ ಅಳತೆಯ ಟೋಪಿ ಇನ್ನೂ ಬಂದಿರಲಿಲ್ಲ, ನಿಮ್ಮದರೊಳಗೆ ಇಟ್ಟಿದ್ದ ಪೇಪರ್ ಅವತ್ತು ಬೆವರಿಗೆ ನೆನೆದು ಹರಿದುಹೋಗಿತ್ತು. ಟೋಪಿ ಕಣ್ಣಿಗೆ ಇಳಿಯಿತು, ಎಡಗೈಯಲ್ಲಿ ಮೇಲಕ್ಕೆ ತಳ್ಳಿದೆ. ನಾನು ಮಾಡಿದ್ದು ಅಷ್ಟೇ.

ಪೀಪಿ


ಸೆಪ್ಟೆಂಬರ್ ೯

ಪೀಪಿ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಬರೆದು ಬರೆದು ಹರಿದೆ. ನೀನು ಫೋನು ಮಾಡಿದಾಗಲೆಲ್ಲ ಮೇಜು ಕುಟ್ಟದೆ ಸುಮ್ಮನೆ ಕೂತೆ.

ಅವನು ನಕ್ಕದ್ದು ನನಗೆ.

ಎಡಗೈಯಿಂದ ಟೋಪಿಯ ಅಂಚು ಮುಟ್ಟಿ ಸ್ವಲ್ಪ ಮೇಲೆತ್ತುವುದು, ಸೈಕಲ್ಲಿನವರಿಗೆ ಅದೇ ನನ್ನ ಸನ್ನೆ. ಕೈ ಬೀಸಿ ಕರೆದರೆ ಸ್ಕೂಟರಿನವರೂ ನುಗ್ಗುತ್ತಾರೆ. ಟೋಪಿ ಮುಟ್ಟಿದರೆ ಸೆಕೆಗೆ ಮುಟ್ಟಿಕೊಂಡ ಅಂದುಕೊಳ್ಳುತ್ತಾರೆ. ದಿನಾ ಬರುವ ಸೈಕಲ್ಲಿನವರಿಗೆ ಮಾತ್ರ ಹೇಳಿದ್ದೆ, ಯಾರ ಮುಂದೂ ಬಾಯಿಬಿಡಬೇಡಿ ಎಂದು ಮಾತು ತೆಗೆದುಕೊಂಡಿದ್ದೆ. ನಾನು ಟೋಪಿ ಮುಟ್ಟಿದೆ ಎಂದರೆ ಆಸ್ಪತ್ರೆ ರಸ್ತೆಯನ್ನು ಆಗಲೇ ತಡೆದಿದ್ದೇನೆ ಎಂದು ಅರ್ಥ. ಅವರು ಅತ್ತ ಇತ್ತ ನೋಡುವುದು ಬೇಕಿರಲಿಲ್ಲ. ನೋಡಬೇಡಿ, ಬೇಗ ತುಳಿಯಿರಿ ಎಂದು ನಾನೇ ಹೇಳಿಕೊಟ್ಟಿದ್ದೆ. ಅದಕ್ಕೇ ಅವನು ನೋಡಲಿಲ್ಲ.

ನೀನು ಗಾಳಿ ಬಿಟ್ಟ ಮೇಲೆ ಅವನು ದಿನಾ ನಿನ್ನ ಮುಖ ನೋಡುತ್ತಿದ್ದ ಎಂದು ಬರೆದಿದ್ದೀಯ. ಟೋಪಿ ನನ್ನದು, ಮೂಗು ನನ್ನದು. ಅವತ್ತು ಕೈಯೂ ಎದ್ದಾಗ, ಕೊನೆಗೂ ಮಗಳ ಸಿಟ್ಟು ಇಳಿಯಿತು, ಅಪ್ಪನ ದಾರಿಗೆ ಬಂದಳು ಅಂದುಕೊಂಡಿರಬೇಕು. ಪಾಪಿ, ಸಂತೋಷಪಟ್ಟುಕೊಂಡು ಸತ್ತ.

ಟೋಪಿಗೆ ಕೈ ಹಾಕಬೇಡ ಎಂದು ಬರೆದೆ. ಯಾಕೆ ಎಂದು ಬರೆಯಲಿಲ್ಲ. ನೀನಾಗಿಯೇ ಕೇಳಲಿ ಎಂದು ಜಂಬದಲ್ಲಿ ಕೂತೆ.

ಈಗ ಅಪ್ಪನ ಮಾತು ಒಂದು ಕೇಳು. ಇದನ್ನು ಯಾರಿಗೂ ಹೇಳಬೇಡ. ನಿನ್ನ ಕೆಲಸ ಇನ್ನೂ ಖಾಯಂ ಆಗಿಲ್ಲ. ನಿನ್ನ ಸನ್ನೆಯಿಂದ ಒಬ್ಬ ಸತ್ತ ಎಂದರೆ ಮನೆಗೆ ಕಳಿಸುತ್ತಾರೆ, ಕೇಸೂ ಹಾಕಬಹುದು. ಆ ನರ್ಸಿನ ಗಾಡಿಗೆ ವಿಮೆ ಇರುತ್ತದೆ, ಸಾಣೆಯವನ ಹೆಂಡತಿಗೆ ಅದರಿಂದ ಆಸರೆ ಆಗುತ್ತದೆ. ನರ್ಸಿಗೆ ಒಂದಷ್ಟು ದಂಡ ಬೀಳಬಹುದು, ಆಮೇಲೆ ಎಲ್ಲರೂ ಮರೆಯುತ್ತಾರೆ. ರೈಟರ್ ಬರೆದದ್ದು ಹಾಗೇ ಇರಲಿ. ನಿನ್ನಮ್ಮ ಹೋದ ಮೇಲೆ ನನಗೆ ಇರುವುದು ನೀನೊಬ್ಬಳೇ. ನಿನ್ನ ಪರವಾಗಿ ಕೂಗಾಡೋಣವೆಂದರೆ ದನಿಯೂ ಇಲ್ಲ.

ಅಪ್ಪ


ಸೆಪ್ಟೆಂಬರ್ ೧೭

ಅಪ್ಪಾ,

ಕಾಗದವನ್ನು ಮನೆಯ ಮೆಟ್ಟಿಲ ಮೇಲೆ ನಿಂತೇ ಓದಿದೆ. ಆಮೇಲೆ ಅಲ್ಲೇ ಕೂತೆ.

ಸನ್ನೆಯ ವಿಷಯಕ್ಕೆ ನಿಮ್ಮನ್ನು ಬೈಯಲಾರೆ. ನೀವು ಒಳ್ಳೆಯದಕ್ಕೇ ಮಾಡಿದಿರಿ. ನೀವು ಕೇಳು ಅಂದಾಗ ನಾನು ಕೇಳಲಿಲ್ಲ, ಅದನ್ನು ಹೊರುವವಳು ನಾನೇ. ಆದರೆ ಕೊನೆಗೆ ಬರೆದಿರಲ್ಲ, ಅದನ್ನು ನೀವೇ ಬರೆದಿರಾ? ಬರಹ ನಿಮ್ಮದೇ ಎಂದು ಎರಡು ಸಲ ನೋಡಿಕೊಂಡೆ.

ನರ್ಸು ದಿನಾ ಸರ್ಕಲ್ಲಿಗೆ ಬರುತ್ತಾಳೆ, ನಡೆದುಕೊಂಡು. ಸ್ಕೂಟರಿಲ್ಲದೆ ದೂರದ ಮನೆಗಳು ಕೈತಪ್ಪಿವೆ. ಕೇಸಿರುವವಳು ಬೇಡ ಎಂದು ಹತ್ತಿರದವರೂ ಬಿಟ್ಟರಂತೆ. ಅಳುವುದಿಲ್ಲ, ಬೈಯುವುದಿಲ್ಲ. ಕಟ್ಟೆಯ ಹತ್ತಿರ ನಿಂತು ನನಗೆ ಬಿಡುವಾಗುವವರೆಗೆ ಕಾಯುತ್ತಾಳೆ. "ನನಗೆ ಹಸಿರಿತ್ತೋ ಇಲ್ವೋ, ಅಷ್ಟು ಹೇಳಿ ಸಾಕು. ನನಗೇ ಈಗ ಅನುಮಾನ ಬರ್ತಿದೆ," ಅನ್ನುತ್ತಾಳೆ. ಇತ್ತು ಅನ್ನುತ್ತೇನೆ. "ಹಂಗಾದ್ರೆ ಅಲ್ಲಿ ಯಾಕೆ ಹೇಳಲ್ಲ?" ಅನ್ನುತ್ತಾಳೆ.

ಅಜ್ಜಿಯೂ ಒಂದು ದಿನ ಬಂದಿದ್ದರು. "ನಮ್ಮೋರು ಪೊಲೀಸ್ ಹೇಳದೆ ಯಾವತ್ತೂ ದಾಟಿದೋರಲ್ಲ. ಸಿಗ್ನಲ್ ಹಾರಿ ಸತ್ತ ಅಂತ ಪೇಟೆಯಲ್ಲೆಲ್ಲ ಆಡ್ಕೊಳ್ತಾರೆ. ನಂಗೆ ಅದೊಂದು ತಡ್ಕೊಳ್ಳಕಾಗಲ್ಲ," ಅಂದರು. ಹೇಗೆ ಹೇಳುತ್ತಿದ್ದರು ಎಂದು ಕೇಳಿದರೆ ಬಾಯಿ ಬಿಗಿದುಕೊಂಡರು. ಅದು ನಿಮಗೆ ಕೊಟ್ಟ ಮಾತು ಎಂದು ನಿಮ್ಮ ಕಾಗದ ಬಂದ ಮೇಲೆ ಅರ್ಥವಾಯಿತು.

ಇಬ್ಬರು ಹೇಳುವುದೂ ನಿಜ. ಎರಡೂ ನಿಜ ಎಂದು ಗೊತ್ತಿರುವುದು ನಿಮಗೆ ಮತ್ತು ನನಗೆ ಮಾತ್ರ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿ ಸುಮ್ಮನಿರು ಅನ್ನುತ್ತೀರಿ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ಸರಿ, ಆ ಹೆಗ್ಗಣ ನಾನು. ಆದರೆ ಏರು ಎಲ್ಲರಿಗೂ ಒಂದೇ ಅಲ್ಲ ಎಂದು ಬರೆದವರು ನೀವು. ಆ ನರ್ಸು ಈಗ ಹತ್ತುತ್ತಿರುವುದು ಏನು?

ಮುಂದಿನ ತಿಂಗಳು ಹದಿನೆಂಟಕ್ಕೆ ವಿಚಾರಣೆ. ನಾನು ಹೇಳುತ್ತೇನೆ. ನೀವು ಒಪ್ಪಿದರೂ ಸರಿ, ಒಪ್ಪದಿದ್ದರೂ ಸರಿ.

ಸೇತುವೆ ಸರ್ಕಲ್ಲಿನ ಪೇದೆ


ಅಕ್ಟೋಬರ್ ೫

ಮುದ್ದು,

ನಾನು ನಿನ್ನ ಅತ್ತೆ. ಕಾಗದ ಬರೆದು ನನಗೆ ಅಭ್ಯಾಸವಿಲ್ಲ, ತಪ್ಪಿದ್ದರೆ ನಗಬೇಡ.

ಅಣ್ಣನಿಗೆ ನೀನು ಅದೇನು ಬರೆದೆಯೋ, ಓದಿದ ದಿನದಿಂದ ಗೋಡೆ ಕಡೆ ತಿರುಗಿ ಮಲಗಿದ. ಕೊಟ್ಟದ್ದನ್ನು ಕುಡಿಯಲಿಲ್ಲ. ಗದರಿಸಿದೆ, ಕೇಳಲಿಲ್ಲ. ಬಾಯಿ ಸತ್ತವನ ಹತ್ತಿರ ಜಗಳವಾಡಿ ಗೆಲ್ಲುವುದು ಎಷ್ಟು ಕಷ್ಟ ಅಂತ ನನಗೇ ಗೊತ್ತು. ನಿನ್ನೆ ಬೆಳಿಗ್ಗೆ ತಾನಾಗಿ ಎದ್ದು ಕ್ಷೌರ ಮಾಡಿಕೊಂಡ, ಇಸ್ತ್ರಿ ಅಂಗಿ ಕೇಳಿ ಹಾಕಿಕೊಂಡ, ಮೇಜಿನ ಮುಂದೆ ಕೂತು ಬರೆದ. ಆ ಹಾಳೆ ಇದರ ಜೊತೆಗಿದೆ. ವಿಚಾರಣೆಯ ಸಾಹೇಬರಿಗೆ ಕೊಡಬೇಕಂತೆ. ತಾನೇ ಬರುತ್ತೇನೆ ಎಂದು ಸನ್ನೆ ಮಾಡಿದ. ಬಾಗಿಲವರೆಗೆ ನಡೆದು ತೋರಿಸು ಅಂದೆ. ಅರ್ಧಕ್ಕೆ ಬಂದು ಕುರ್ಚಿ ಹಿಡಿದ. ಡಾಕ್ಟರೂ ಬೇಡ ಅಂದಿದ್ದಾರೆ, ರೋಗ ಮತ್ತೆ ಗಂಟಲಿನಿಂದ ಕೆಳಗೆ ಹರಡುತ್ತಿದೆಯಂತೆ. ಇದನ್ನು ನಿನಗೆ ಹೇಳಬಾರದು ಅಂದಿದ್ದ. ನಾನು ಹೇಳದೆ ಇರಲಾರೆ.

ನಿನ್ನ ಮೇಲೆ ಅವನಿಗೆ ಸಿಟ್ಟಿಲ್ಲ. ಕವರಿಗೆ ಅಂಟು ಹಚ್ಚುವ ಮೊದಲು ನಿನ್ನ ಕಾಗದವನ್ನು ಇನ್ನೊಂದು ಸಲ ಓದಿದ.

ನಿನ್ನ ಅತ್ತೆ


ಅಕ್ಟೋಬರ್ ೨೦

ಅಪ್ಪಾ,

ವಿಚಾರಣೆ ಮುಗಿಯಿತು. ನೀವು ಅಲ್ಲಿ ಇದ್ದಂತೆ ಎಲ್ಲವನ್ನೂ ಹೇಳುತ್ತೇನೆ.

ಉದ್ದನೆಯ ಕೋಣೆ. ಒಂದು ಗೋಡೆಗೆ ಒಂದು ಬೆಂಚು, ಎದುರಿನ ಗೋಡೆಗೆ ಇನ್ನೊಂದು. ಈ ಕಡೆ ಅಜ್ಜಿ, ಆ ಕಡೆ ನರ್ಸು. ನಡುವೆ ನಾನು. ಫ್ಯಾನು ತಿರುಗಿದಾಗಲೆಲ್ಲ ಸಾಹೇಬರ ಮೇಜಿನ ಕಾಗದಗಳು ಏಳುತ್ತಿದ್ದವು, ರೈಟರ್ ಅವುಗಳ ಮೇಲೆ ಸ್ಟೇಪ್ಲರ್ ಇಟ್ಟರು.

ನಾನು ಹೇಳಿದೆ: ಸ್ಕೂಟರಿಗೆ ಹಸಿರಿತ್ತು. ಸೈಕಲ್ಲಿಗೆ ಕೆಂಪಿತ್ತು. ಆದರೆ ಸೈಕಲ್ಲಿನವರು ಸಿಗ್ನಲ್ ಹಾರಲಿಲ್ಲ, ನನ್ನ ಕೈ ನೋಡಿ ಬಂದರು. ನಿಮ್ಮ ಹಾಳೆಯನ್ನು ಕೊಟ್ಟೆ. ಸಾಹೇಬರು ಗಟ್ಟಿಯಾಗಿ ಓದಿಸಿದರು. 'ಸನ್ನೆ ನನ್ನದು, ಕಲಿಸಿದವನು ನಾನು, ಮಗಳಿಗೆ ತಿಳಿಸದೆ ಇದ್ದವನೂ ನಾನು' ಎಂಬಲ್ಲಿ ರೈಟರ್ ಓದುವುದನ್ನು ಸ್ವಲ್ಪ ನಿಲ್ಲಿಸಿದರು. ಅವರು ನಿಮ್ಮ ಕೈಕೆಳಗೆ ಕೆಲಸ ಕಲಿತವರಂತೆ, ನನಗೆ ಗೊತ್ತಿರಲಿಲ್ಲ.

ಸಾಹೇಬರು ನಂಬಲಿಲ್ಲ. "ಟೋಪಿ ಮುಟ್ಟಿದ್ರೆ ಹೋಗೋದಾ? ಇಷ್ಟು ವರ್ಷ ಇಂಥದ್ದೊಂದು ನಡೀತಿತ್ತು, ನಮಗ್ಯಾರಿಗೂ ಗೊತ್ತಿಲ್ವಾ? ಯಾರನ್ನ ಉಳಿಸೋಕೆ ಇದು?" ಅಂದರು. ಅಜ್ಜಿಯ ಕಡೆ ತಿರುಗಿ, "ನೀವು ಹೇಳಿ. ಹಿಂಗೆ ಸನ್ನೆ ಇತ್ತಾ?" ಎಂದು ಕೇಳಿದರು.

ಅಜ್ಜಿ ನನ್ನನ್ನು ನೋಡಲಿಲ್ಲ. ಸೆರಗಿನ ತುದಿ ಸುತ್ತುತ್ತಾ, "ನಂಗೇನೂ ಗೊತ್ತಿಲ್ಲ ಸ್ವಾಮಿ," ಅಂದರು. ಇತ್ತು ಅಂದಿದ್ದರೆ ಅವರ ಗಂಡನ ಹೆಸರು ಅಲ್ಲೇ ತೊಳೆದುಹೋಗುತ್ತಿತ್ತು. ಆದರೂ ನಿಮಗೆ ಕೊಟ್ಟ ಮಾತು ಮುರಿಯಲಿಲ್ಲ.

"ಮತ್ತೇನಮ್ಮ?" ಎಂದು ಸಾಹೇಬರು ನನ್ನನ್ನು ಕೇಳಿದರು. ಕಂಕುಳಲ್ಲಿದ್ದ ನಿಮ್ಮ ಟೋಪಿಯನ್ನು ತಲೆಗೆ ಹಾಕಿಕೊಂಡೆ. ಆಸ್ಪತ್ರೆ ರಸ್ತೆಯನ್ನು ತಡೆಯುವ ಹಾಗೆ ಬಲಗೈ ಚಾಚಿದೆ. ಎಡಗೈಯಿಂದ ಟೋಪಿಯ ಅಂಚು ಮುಟ್ಟಿ, ಸ್ವಲ್ಪ ಮೇಲೆತ್ತಿದೆ.

ಅಜ್ಜಿ ಎದ್ದುನಿಂತರು ಅಪ್ಪಾ. ಬೆಂಚಿನಿಂದ ಎದ್ದು, ಬಲಗಾಲು ಮುಂದಿಟ್ಟು, ಎರಡು ಕೈಯನ್ನೂ ಹ್ಯಾಂಡಲ್ ಹಿಡಿಯುವ ಹಾಗೆ ಮುಂದೆ ತಂದರು. ಆಮೇಲೆ ತಾನು ಎಲ್ಲಿದ್ದೇನೆ ಎಂದು ಅವರಿಗೆ ಗೊತ್ತಾಯಿತು. ಕೈಗಳು ಹಾಗೇ ಗಾಳಿಯಲ್ಲಿ ನಿಂತವು.

ಸಾಹೇಬರು ಪೆನ್ನು ಎತ್ತಿಕೊಂಡು ಬರೆಯಲು ಶುರುಮಾಡಿದರು.

ನರ್ಸಿನ ಮೇಲಿನ ಕೇಸು ಬಿಡುತ್ತಾರಂತೆ, ಲೈಸೆನ್ಸು ವಾಪಸು ಸಿಗುತ್ತದೆ. ಅಜ್ಜಿಗೆ ಆ ವಿಮೆಯ ಆಸರೆ ಹೋಯಿತು. ಇಲಾಖೆಯಿಂದ ಪರಿಹಾರ ಕೇಳಬಹುದು ಎಂದರು, ಯಾರನ್ನು ಕೇಳಬೇಕು ಎಂದು ಹೇಳಲಿಲ್ಲ. ನಾನು ಸಸ್ಪೆಂಡ್. ಇನ್ನು ಮೇಲೆ ಯಾವ ಪೇದೆಯೂ ಸಿಗ್ನಲ್ಲಿನಲ್ಲಿ ತನ್ನದೇ ಸನ್ನೆ ಮಾಡಬಾರದೆಂದು ಸುತ್ತೋಲೆ ಬರುತ್ತದಂತೆ. ಸೈಕಲ್ಲುಗಳು ಈಗ ಏರಿನಲ್ಲಿ ಕಟ್ಟೆಗೆ ಒತ್ತಿಕೊಂಡೇ ಹೋಗುತ್ತವೆ. ನಿನ್ನೆ ಹೋಗಿ ನೋಡಿ ಬಂದೆ.

ನಿಮ್ಮ ಪೀಪಿ


ಅಕ್ಟೋಬರ್ ೨೮

ಪೀಪಿ,

ಹೆಚ್ಚು ಬರೆಯಲಾರೆ. ನೀನು ಮಾಡಿದ್ದು ಸರಿ. ಬೇಡ ಎಂದು ನಾನು ಬರೆದ ಆ ಕಾಗದವನ್ನು ಸುಟ್ಟುಬಿಡು. ಅದು ನಿನ್ನ ಹತ್ತಿರ ಉಳಿಯುವುದು ನನಗೆ ಬೇಡ.

ಸಾಣೆಯವನ ಹೆಂಡತಿಗೆ ಹೇಳು, ಮಾತನ್ನು ನಾನು ವಾಪಸು ಕೊಟ್ಟಿದ್ದೇನೆ. ಇನ್ನು ಯಾರಿಗೆ ಬೇಕಾದರೂ ಹೇಳಬಹುದು.

ದಿನವಿಡೀ ಕಿಟಕಿಯ ಹತ್ತಿರ ಕೂರುತ್ತೇನೆ. ಒಂದೇ ವಿಷಯ ತಲೆಯಲ್ಲಿ ತಿರುಗುತ್ತದೆ. ಅವಳು ಎದ್ದುನಿಂತಳು ಎಂದು ಬರೆದಿದ್ದೀಯ. ಅವಳನ್ನು ಕೂರಿಸಿದವರು ಯಾರು ಎಂದು ಬರೆದಿಲ್ಲ.

ಅಪ್ಪ


ನವೆಂಬರ್ ೪

ಅಪ್ಪಾ,

ಕೂರಿಸಿದ್ದು ನರ್ಸು.

ನಾನು ಹೋಗಬೇಕಿತ್ತು, ಹೋಗಲಿಲ್ಲ. ಅವಳು ಎದುರಿನ ಬೆಂಚಿನಿಂದ ಎದ್ದು, ಕೋಣೆ ದಾಟಿ ಬಂದಳು. ಹಾಸಿಗೆ ಹಿಡಿದವರನ್ನು ಕೂರಿಸುವಾಗ ಹಿಡಿಯುತ್ತಾರಲ್ಲ, ಹಾಗೆ ಒಂದು ಕೈ ಬೆನ್ನಿಗೆ, ಒಂದು ಕೈ ಮೊಣಕೈ ಕೆಳಗೆ. "ನಿಧಾನ, ನಿಧಾನ, ನಾನು ಹಿಡ್ಕೊಂಡಿದೀನಿ," ಅಂದಳು. ಅಜ್ಜಿ ಅವಳ ಮುಖ ನೋಡಿದರು. ಕೈ ಕೊಡವಿಕೊಳ್ಳುತ್ತಾರೆ ಅಂದುಕೊಂಡೆ. ಕೊಡವಿಕೊಳ್ಳಲಿಲ್ಲ. ಕೂತ ಮೇಲೆ, "ಅವರು ಏನಾದ್ರೂ ಅಂದ್ರಾ?" ಎಂದು ಕೇಳಿದರು. ಕೊನೆಯಲ್ಲಿ ಅಜ್ಜನ ತಲೆ ಹಿಡಿದುಕೊಂಡಿದ್ದವಳು ಅವಳೇ ಅಲ್ಲವೇ. ನರ್ಸು, "ಇಲ್ಲ. ನಗ್ತಾ ಇದ್ರು," ಅಂದಳು. ಆಗ ಅಜ್ಜಿ ಅತ್ತರು. ಅಷ್ಟು ದಿನ ಅತ್ತಿರಲಿಲ್ಲವಂತೆ.

ಇದನ್ನು ಬರೆಯದೆ ಬಿಟ್ಟಿದ್ದೆ, ಯಾಕೆಂದರೆ ಆ ಹೊತ್ತಿನಲ್ಲಿ ನಾನು ಟೋಪಿ ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ನಿಂತಿದ್ದೆ.

ನೀವು ವಾಪಸು ಕೊಟ್ಟ ಮಾತನ್ನು ಅಜ್ಜಿಗೆ ತಲುಪಿಸಿದೆ. "ಈಗ ಯಾರಿಗೆ ಹೇಳಲಿ," ಅಂದರು. ನಿಮ್ಮ ಆರೋಗ್ಯ ಕೇಳಿದರು. ಸುಳ್ಳು ಹೇಳಿದೆ.

ಶನಿವಾರ ಹೊರಟು ಬರುತ್ತಿದ್ದೇನೆ, ನಿಮ್ಮ ಹತ್ತಿರವೇ ಇರುತ್ತೇನೆ. ಹೇಗೂ ಕೆಲಸವಿಲ್ಲ. ಟೋಪಿಯನ್ನು ಮುಂಚೆಯೇ ಅಂಚೆಯಲ್ಲಿ ಕಳಿಸಿದ್ದೇನೆ, ಅದನ್ನು ನಾನು ಇನ್ನು ಹೊತ್ತುಕೊಂಡು ಬರಲಾರೆ. ಕೈಯಲ್ಲಿ ಹಿಡಿದುಕೊಳ್ಳಿ, ಮಡಿಲಲ್ಲಿ ಇಟ್ಟುಕೊಳ್ಳಿ. ತಲೆಗೆ ಹಾಕಿಕೊಂಡು ಕಿಟಕಿಯ ಹತ್ತಿರ ಮಾತ್ರ ಕೂರಬೇಡಿ ಅಪ್ಪಾ. ಹೊರಗೆ ರಸ್ತೆಯಲ್ಲಿ ಸೈಕಲ್ಲುಗಳು ಓಡಾಡುತ್ತಿರುತ್ತವೆ.

ನಿಮ್ಮ ಪೀಪಿ